ಚುಕ್ಕೆ ನಿಲ್ಲಬಾರದು

ನವೆಂಬರ್ 4, ಮಂಗಳವಾರ

ಇವತ್ತೂ ಕಾಲುವೆ ರೌಂಡ್. ರಾತ್ರಿ ಮಳೆ ಬಂದಿತ್ತು, ದಂಡೆ ಪೂರ್ತಿ ಕೆಸರು. ಗೋಕಿಲಾ ಸೈಕಲ್ ಮೇಲೆ, ಪಕ್ಕದಲ್ಲಿ ನನ್ನ ಓಟ. ಸೇತುವೆ ಬಂದ ಮೇಲೆ ಅದಲುಬದಲು. ಮನೆಯಲ್ಲಿ ಇರುವುದೇ ಒಂದು ಸೈಕಲ್. ನಾನು ಓಡುವುದನ್ನು ಓಟ ಅನ್ನಬಾರದು ಅಂತ ನಾದಿನಿಯ ತೀರ್ಪು. ಅತ್ತಿಗೆಗೆ ಅವಳು ಅನ್ನುವುದು ಅಣ್ಣಿ.

"ಅಣ್ಣಿ, ಈಗ ನಿನ್ನ ಓವರ್‌ಟೇಕ್ ಮಾಡ್ಕೊಂಡು ಓಗಿದ್ದು ಏನು ಗೊತ್ತಾ? ಎಮ್ಮೆ."

ಒಟ್ಟು ಮೂರು ದಾರಿ ನಮ್ಮವು. ಕಾಲುವೆ ರೌಂಡ್. ತರಿ ರೌಂಡ್ — ಪವರ್‌ಲೂಮಿಗೆ ಇಲ್ಲಿ ತರಿ ಅಂತಾರೆ, ಆ ಬೀದಿಗಳನ್ನೇ ಸುತ್ತುವುದು. ಮೂರನೆಯದು ಕೋಳಿ ರೌಂಡ್ — ಫಾರ್ಮುಗಳ ಹಿಂದೆ ಮೂಗು ಮುಚ್ಚಿಕೊಂಡು ಮಂಗಲಂ ರಸ್ತೆಯವರೆಗೆ. ಅದಕ್ಕೆ ಹೋಗುವುದು ಕಡಿಮೆ.

ಓಡಲು ಕಳಿಸುವುದು ಅತ್ತೆಯೇ. ಗೋಕಿಲಾಗೆ ಗಂಡು ನೋಡುತ್ತಿದ್ದಾರೆ, ಅಷ್ಟರೊಳಗೆ ಐದು ಕಿಲೋ ಇಳಿಯಬೇಕು. ಮಗಳನ್ನು ಒಬ್ಬಳನ್ನೇ ಬಿಡುವುದಿಲ್ಲ, ಸೊಸೆ ಕಾವಲು. ಕಾವಲಿಗೆ ಸಿಕ್ಕಿದವಳು ನೋಡಿ... ತವರು ಕೊಳ್ಳೇಗಾಲದಲ್ಲಿ ಹಲ್ಲಿ ಬಿದ್ದರೆ ಅಪ್ಪನನ್ನು ಕೂಗುತ್ತಿದ್ದವಳು.

ವಾಪಸ್ ಬರುವಾಗ ಸುಬ್ಬಾತಾಳ್ ಗಾಡಿಯಲ್ಲಿ ಬಾಳೆದಿಂಡಿನ ಸೂಪ್. ಮುದುಕಿ ಕಾಲುವೆ ದಂಡೆ ಶುರುವಾಗುವಲ್ಲೇ ತಳ್ಳುಗಾಡಿ ನಿಲ್ಲಿಸುತ್ತಾಳೆ. ಮಾತು ಕಡಿಮೆ, ಮೆಣಸು ಜಾಸ್ತಿ. ಅಲ್ಲೇ ನಿಂತು ಗೋಕಿಲಾ ಸೆಂದಿಲ್ ಕುಮಾರನ ಕಥೆ ಮುಂದುವರಿಸಿದಳು. ಜೋರಾಗಿ, ಕನ್ನಡದಲ್ಲಿ.

ವಿಚಿತ್ರ ಅಂದರೆ ಇದೇ. ಮನೆಯಲ್ಲಿ ಎಲ್ಲರೂ ಕನ್ನಡದವರು, ಅಲ್ಲಿ ಗುಟ್ಟು ಹೇಳಲು ಜಾಗವಿಲ್ಲ. ಬೀದಿಗೆ ಬಂದರೆ ಸುತ್ತ ತಮಿಳು. ಕನ್ನಡಕ್ಕೆ ತಿರುಗಿದರೆ ಕದ ಹಾಕಿಕೊಂಡಂತೆ. ಈ ಮನೆಯವರು ತಲೆಮಾರುಗಳಿಂದ ಹಾಗೇ ಬದುಕಿದ್ದಾರೆ. ಬಸ್ಸಿನಲ್ಲಿ ಎದುರಿಗೆ ಕುಳಿತವರ ಮೂಗಿನ ಬಗ್ಗೆ ಕೂಡ ಮಾತಾಡುತ್ತಾರೆ, ಒಂದಿಷ್ಟೂ ಅಂಜಿಕೆ ಇಲ್ಲ.

ಬರೆಯುವುದು ಫೋನಿನಲ್ಲಿ. ಈ ಮನೆಯಲ್ಲಿ ಕನ್ನಡ ಆಡುವವರು ಐದು ಜನ, ಓದುವವಳು ನಾನೊಬ್ಬಳೇ.

ನವೆಂಬರ್ 7, ಶುಕ್ರವಾರ

ಇದನ್ನು ಬರೆಯುವುದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಗೋಕಿಲಾ ಗಂಭೀರವಾಗಿದ್ದಾಳೆ. ಸೆಂದಿಲ್ ಕುಮಾರ್ ತಿರುಪ್ಪೂರಿನಲ್ಲಿ ಅವಳ ಎಕ್ಸ್‌ಪೋರ್ಟ್ ಕಂಪನಿಯಲ್ಲೇ ಕಟಿಂಗ್ ಸೂಪರ್‌ವೈಸರ್. ಒಳ್ಳೆಯ ಹುಡುಗ ಇರಬಹುದು. ನಮ್ಮವನಲ್ಲ. ಯಾವ ಜಾತಿ ಅಂತ ಅವಳು ಹೇಳಿದಾಗ ನನ್ನ ಕಾಲು ತಾನಾಗಿ ನಿಂತಿತು. ಓಡುತ್ತಿದ್ದವಳು ರಸ್ತೆ ಮಧ್ಯೆ ನಿಂತುಬಿಟ್ಟೆ.

"ತೆನ್ಮೊಳಿ ನೆನಪಿಲ್ವಾ ನಿನಗೆ?" ಅಂದೆ.

"ಅದ್ಕೇ ಸೀಕ್ರಂ ಓಗ್ಬೇಕು ಅಂತಿರದು."

ತೆನ್ಮೊಳಿ ನಮ್ಮ ಬೀದಿಯ ಕೊನೆ ಮನೆಯವಳು. ನಮ್ಮವಳೇ, ನನ್ನ ಮದುವೆಗೆ ಕುಂಕುಮ ಹಂಚಿದ ಹುಡುಗಿ. ಅವಳೂ ಬೇರೆ ಜಾತಿಯವನನ್ನು ಮೆಚ್ಚಿದ್ದಳು. ಕಳೆದ ವರ್ಷ ಹೊಟ್ಟೆನೋವಿನಿಂದ ಸತ್ತಳು. ಬೀದಿಯಲ್ಲಿ ಯಾರನ್ನು ಕೇಳಿದರೂ ಹೊಟ್ಟೆನೋವು. ಒಬ್ಬರೂ ಜ್ವರ ಅನ್ನುವುದಿಲ್ಲ, ಹಾರ್ಟು ಅನ್ನುವುದಿಲ್ಲ, ಆ ಒಂದೇ ಮಾತು. ಹಿಂದಿನ ದಿನ ಆ ಮನೆಗೆ ಮಾತಾಡಲು ಹೋಗಿದ್ದವರಲ್ಲಿ ನಮ್ಮ ಚಿಕ್ಕಮಾವನೂ ಒಬ್ಬರು — ಮಾವನ ತಮ್ಮ, ಲೋಗನಾಥನ್. ಬೆಳಿಗ್ಗೆ ಬೇಗ ಸುಟ್ಟುಬಿಟ್ಟರು.

ಅವಳ ಸೈಕಲ್ ಇನ್ನೂ ಅವರ ಪೋರ್ಟಿಕೋದಲ್ಲಿದೆ. ನಾವು ದಿನಾ ಅದನ್ನು ದಾಟಿಯೇ ಓಡುವುದು.

ನನ್ನ ಗಂಡ ಶರವಣನ್ ಒಳ್ಳೆಯವರು. ನನಗೆ ಅಂತ ಕೊಯಮತ್ತೂರಿನಿಂದ ಓಟದ ಶೂ ತಂದವರು. ಆದರೆ ಅವತ್ತು ನಾನು ಕೇಳಿದಾಗ ಅವರೂ ಹೊಟ್ಟೆನೋವು ಅಂದರು. ನನ್ನ ಮುಖ ನೋಡದೆ.

ನವೆಂಬರ್ 11, ಮಂಗಳವಾರ

ತರಿ ರೌಂಡ್. ಆಗಬಾರದ್ದು ಆಯಿತು.

ಆ ಬೀದಿಯಲ್ಲಿ ಪಿಸುಮಾತು ಅನ್ನುವುದೇ ಇಲ್ಲ. ಎರಡೂ ಕಡೆ ಮಗ್ಗ, ದಡಬಡ ದಡಬಡ, ಕೂಗಿಯೇ ಮಾತಾಡಬೇಕು. ಅದರ ನಡುವೆ ಹುಟ್ಟಿದವಳು ಗೋಕಿಲಾ, ಗಂಟಲು ಸಹಜವಾಗಿಯೇ ದೊಡ್ಡದು. ಚಕ್ರಕ್ಕೆ ಗಾಳಿ ಕಡಿಮೆ ಅಂತ ಸೆಲ್ಲಪ್ಪನ್ ಸೈಕಲ್ ಅಂಗಡಿ ಮುಂದೆ ನಿಂತೆವು. ಅವನು ಪಂಪ್ ಹೊಡೆಯುತ್ತಿದ್ದ. ಅವಳು ಕೂಗಿ ಹೇಳುತ್ತಿದ್ದಳು — ಆಗ ಕರೆಂಟ್ ಹೋಯಿತು. ಬೀದಿಯ ಅಷ್ಟೂ ಮಗ್ಗ ಒಟ್ಟಿಗೆ ನಿಂತವು. ಅವಳ ಬಾಯಿ ಮಾತ್ರ ನಿಲ್ಲಲಿಲ್ಲ.

"ನಿಚ್ಚಯಕ್ಕೆ ಮುಂಚೇನೇ ಸೆಂದಿಲ್ ಜೊತೆ ಓಗ್ಬುಡ್ತೀನಿ ಅಣ್ಣಿ!"

ಇಡೀ ಬೀದಿಗೆ ಕೇಳಿಸಿತು. ಹಾಲಿನವನು ತಿರುಗಿದ. ಒಡಿಶಾದ ಮಗ್ಗದ ಹುಡುಗರು ಬಾಗಿಲಿಗೆ ಬಂದು ನೋಡಿದರು. ಸೆಲ್ಲಪ್ಪನ್ ತಲೆ ಎತ್ತದೆ ಟಯರ್ ಒತ್ತಿ, "ಕಾತ್ತು ಪೋದುಮಾ?" ಅಂದ, ಗಾಳಿ ಸಾಕಾ ಅಂತ. ಸಾಕು ಅಂದೆ.

ತಿರುವಿನವರೆಗೆ ತಡೆದುಕೊಂಡು ಆಮೇಲೆ ಅವಳು ಬಿದ್ದುಬಿದ್ದು ನಕ್ಕಳು. "ಯಾವನ್ಗೆ ಪುರಿಯುತ್ತೆ ಅಣ್ಣಿ? ಒಡಿಶಾದವನ್ಗಾ?" ಅಂದಳು, ಯಾರಿಗೆ ಅರ್ಥವಾಗುತ್ತೆ ಅಂತ. ನಾನೂ ನಕ್ಕೆ. ನಗುತ್ತಲೇ ಹಿಂದೆ ತಿರುಗಿ ನೋಡಿದೆ.

ನವೆಂಬರ್ 16, ಭಾನುವಾರ, ಮಧ್ಯಾಹ್ನ

ಚಿಕ್ಕಮಾವ ಊಟಕ್ಕೆ ಬಂದಿದ್ದರು. ಬಿಳಿ ಅಂಗಿ, ಸಂಘದ ಡೈರಿ, ಮೆಲುದನಿ. ಅವರು ಎಂದೂ ದನಿ ಎತ್ತುವುದಿಲ್ಲ. ನಾನು ರಸಂ ಬಡಿಸುತ್ತಿದ್ದೆ.

"ಗೋಕಿಲಾ ಕಣ್ಣು, ನಿಚ್ಚಯಕ್ಕೆ ಮುಂಚೆ ಎಲ್ಲಿಗೋ ಓಗದು ಅಂತ ಐತಾಮೆ?"

ಅಷ್ಟೇ. ಕಣ್ಣು ಅಂತ ಮುದ್ದಾಗಿ ಕರೆದು, ನಗುತ್ತಲೇ ಕೇಳಿದರು. ಮಾವ ತಲೆ ಎತ್ತಿದರು. ಅವಳು ಅನ್ನ ಕಲಸುತ್ತಲೇ, "ಪಳನಿಗೆ ಚಿತ್ತಪ್ಪಾ, ಆಪೀಸ್ ಫ್ರೆಂಡ್ಸ್ ಜೊತೆ," ಅಂದಳು. ಎಲ್ಲಿತ್ತೋ ಆ ಸುಳ್ಳು. ನನ್ನ ಕೈಯಿಂದ ರಸಂ ಅವರ ಎಲೆ ದಾಟಿ ಪಂಚೆಯ ಮೇಲೆ ಹೋಯಿತು. "ಪರವಾಯಿಲ್ಲೆಮ್ಮ," ಅಂದರು. ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದರು.

ನಾನು ಹೇಳಿಲ್ಲ. ಅವಳು ಹೇಳಿಲ್ಲ. ಆ ಮಾತು ಬಾಯಿಂದ ಹೊರಗೆ ಬಂದದ್ದು ಆ ಬೀದಿಯಲ್ಲಿ, ಮಗ್ಗ ನಿಂತ ಹೊತ್ತಿನಲ್ಲಿ.

ಅಲ್ಲಿ ಯಾರಿಗೋ ಕನ್ನಡ ಬರುತ್ತದೆ.

ನವೆಂಬರ್ 17, ಸೋಮವಾರ

ಓಡಿದೆವು. ಒಂದು ಮಾತೂ ಆಡದೆ ಓಡಿದೆವು. ಎದುರು ಸಿಕ್ಕವರ ಮುಖವನ್ನೆಲ್ಲ ನೋಡಿದೆ. ಹಾಲಿನವನಾ? ವಾಕಿಂಗ್ ಬರುವ ರಿಟೈರ್ಡ್ ಮೇಷ್ಟ್ರಾ? ಲೇಔಟ್ ಗೇಟಿನ ವಾಚ್‌ಮನ್ನಾ? ಎಲ್ಲರೂ ಕೇಳಿಸಿಕೊಳ್ಳುತ್ತಿರುವ ಹಾಗೆಯೇ ಕಂಡರು. ನಾಯಿ ಬೊಗಳಿದ್ದಕ್ಕೆ ಬೆವೆತೆ.

ನವೆಂಬರ್ 20, ಗುರುವಾರ

ಸೆಲ್ಲಪ್ಪನ್.

ಹೇಗೆ ಗೊತ್ತಾಯಿತು ಅಂದರೆ, ಹೀಗೆ. ಗಾಳಿ ಹೊಡೆಸಲು ನಿಂತಿದ್ದೆವು. ಅವನು ಕುಕ್ಕರಗಾಲಲ್ಲಿ ಕೂತು ವಾಲ್ವ್ ತಿರುಗಿಸುತ್ತಿದ್ದ, ಬೆನ್ನ ಹಿಂದೆ ಹಳೇ ಟಯರ್ ರಾಶಿ. ನಾನು ಗೋಕಿಲಾ ಕಡೆ ತಿರುಗಿ, ಅಡುಗೆ ಏನು ಮಾಡೋಣ ಅನ್ನುವ ದನಿಯಲ್ಲಿ ಹೇಳಿದೆ:

"ಇವನ ಹಿಂದೆ ಟಯರ್ ಸಂದಿಯಲ್ಲಿ ಹಾವಿದೆ."

ಅವಳು ತಿರುಗುವ ಮುಂಚೆ ಅವನು ಎದ್ದಿದ್ದ. ಎರಡು ಹೆಜ್ಜೆ ಆಚೆ. ಕಣ್ಣು ಟಯರ್ ಮೇಲೆ. ಆಮೇಲೆ ನನ್ನ ಮೇಲೆ.

ಅವನು ಮತ್ತೆ ಕೂತು ಪಂಪ್ ಹಿಡಿದ. "ಕಾತ್ತು ಪೋದುಮಾ?" ಅದೇ ದನಿ. ಅದೇ ಮಾತು. ಇಷ್ಟು ಹೆದರಿಕೆ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಶರವಣನನ್ನು ಸುತ್ತಿಬಳಸಿ ವಿಚಾರಿಸಿದೆ. "ಅವನಾ? ಅನ್ನೂರು ಕಡೆ. ಬೇಸಾಯದವ್ರು. ಅವ್ರ ಮನೆಯೊಳ್ಗೆ ಒಂಥರಾ ಕನ್ನಡಾನೇ ಆಡ್ತಾರೆ, ಆಚೆ ಆಡಾದಿಲ್ಲ. ಯಾಕೆ?" ಸುಮ್ಮನೆ ಅಂದೆ. ಅಂಗಡಿ ಚಿಕ್ಕಮಾವನ ಕಟ್ಟಡದಲ್ಲಿದೆ. ಅದು ನನಗೆ ಗೊತ್ತಿತ್ತು.

ಆಮೇಲೆ ಅವರು ಟೀವಿ ನೋಡುತ್ತಲೇ ಹೇಳಿದರು: "ಅವನ ತಾಯಿನೇ ಆ ಸೂಪ್ ಗಾಡಿ ಸುಬ್ಬಾತಾಳ್."

ನವೆಂಬರ್ 21, ಬೆಳಗಿನ ಜಾವ

ನಿದ್ದೆ ಇಲ್ಲ. ಸೆಲ್ಲಪ್ಪನ್ ಕೇಳಿಸಿಕೊಂಡಿದ್ದು ಒಂದು ವಾಕ್ಯ. ಉಳಿದಿದ್ದೆಲ್ಲ ಆಡಿದ್ದು ಸೂಪ್ ಗಾಡಿಯ ಮುಂದೆ. ಹುಡುಗನ ಜಾತಿ, ಅವನ ರೂಮು ಎಲ್ಲಿದೆ, ರಿಜಿಸ್ಟರ್ ಮಾಡಿಸಲು ಏನೇನು ಬೇಕು, ಯಾವ ಗೆಳೆಯ ಸಾಕ್ಷಿ. ಲೋಟ ಕೈಯಲ್ಲಿ ಹಿಡಿದು, ಅವಳ ಮೂಗಿನ ಕೆಳಗೆ. ಎರಡು ತಿಂಗಳು.

ಮುದುಕಿಗೆ ಎಲ್ಲ ಗೊತ್ತು. ಅದರಲ್ಲಿ ಒಂದೂ ಇನ್ನೂ ಮನೆಗೆ ಬಂದಿಲ್ಲ. ಯಾಕೆ ಬಂದಿಲ್ಲ? ಬಂದಿದ್ದರೇ ಇಷ್ಟು ಭಯ ಆಗುತ್ತಿರಲಿಲ್ಲ. ಯಾವಾಗ ಬರುತ್ತದೆ ಅಂತ ಕಾಯುವುದು ಇದೆಯಲ್ಲ...

ಡಿಸೆಂಬರ್ 3, ಬುಧವಾರ

ಬರೆದಿರಲಿಲ್ಲ. ಫೋನ್ ಕ್ಯಾಮೆರಾ ಹಿಡಿದರೆ ಯಾವ ಭಾಷೆಯನ್ನಾದರೂ ಓದಿ ಹೇಳುತ್ತದಂತೆ. ಶರವಣನ್ ಅಕ್ಕಿ ಚೀಲದ ಮೇಲಿನ ತೆಲುಗು ಓದಿಸಿ ತೋರಿಸಿದರು. ಎಷ್ಟು ಖುಷಿ ಅವರಿಗೆ! ನಾನು ಚೆನ್ನಾಗಿದೆ ಅಂದೆ. ಅಡುಗೆಮನೆಗೆ ಹೋಗಿ ಈ ಬರಹಕ್ಕೆ ಲಾಕ್ ಹಾಕಿದೆ.

ಆಗಿದ್ದು ಇಷ್ಟು. ಅನ್ನೂರಿನ ಗಂಡು ಒಪ್ಪಿಗೆಯಾಯಿತು, ಸ್ವಂತ ಮಿಲ್. ನಿಶ್ಚಯ ಇದೇ 14ಕ್ಕೆ, ಮಾರ್ಗಳಿ ತಿಂಗಳು, ಅಂದರೆ ಧನುರ್ಮಾಸ, ಹುಟ್ಟುವ ಮುಂಚೆ. ಗೋಕಿಲಾ ಕೆಲಸ ಬಿಟ್ಟಾಯಿತು, ಅಂದರೆ ಬಿಡಿಸಿದರು. ಬೈಕಿನಲ್ಲಿ ಹೋಗುವುದು ಬೇಡ, ಬಸ್ ಬೇಡ. ಬೆಳಗಿನ ಓಟ ಮಾತ್ರ ಉಳಿದಿದೆ. ಉಳಿಸಿದ್ದು ಅತ್ತೆ — ಸೀರೆ ಬ್ಲೌಸು ಅಳತೆಗೆ ಕೊಟ್ಟಾಗಿದೆ, ಮೈ ಬರಬಾರದು.

ಚಿಕ್ಕಮಾವ ಒಂದು ಷರತ್ತು ಹಾಕಿದರು. ಇಬ್ಬರ ಫೋನಿನಿಂದಲೂ ಮನೆಯ ಗ್ರೂಪಿಗೆ ಲೈವ್ ಲೊಕೇಶನ್. "ಕಾಲ ಕೆಟ್ಟೋಗೈತೆ, ಸೇಫ್ಟಿಗೆ ಅಮ್ಮ." ಈಗ ನಾವು ಓಡುವಾಗ ಮನೆಯಲ್ಲಿ ಮಾವ, ಶರವಣನ್, ಅವರ ಮನೆಯಲ್ಲಿ ಚಿಕ್ಕಮಾವ, ಎಲ್ಲರೂ ಕಾಫಿ ಕುಡಿಯುತ್ತ ಮ್ಯಾಪಿನ ಮೇಲೆ ಎರಡು ಚುಕ್ಕೆ ನೋಡುತ್ತಾರೆ. ನಿನ್ನೆ ಶೂ ಲೇಸ್ ಕಟ್ಟಲು ನಿಂತೆ. ಶರವಣನ್ ಮೆಸೇಜ್, ಇಂಗ್ಲಿಷ್ ಅಕ್ಷರದಲ್ಲಿ: ಏನಾಯ್ತು? ಯಾಕೆ ನಿಂತಿದ್ದೀರಿ?

ಸಂಜೆ ಬೀದಿ ತುಂಬ ಕಾರ್ತಿಗೈ ದೀಪ. ತೆನ್ಮೊಳಿ ಮನೆಯಲ್ಲೂ ಹಚ್ಚಿದ್ದರು. ಸೈಕಲ್ ಪಕ್ಕದಲ್ಲೂ ಒಂದು.

ಡಿಸೆಂಬರ್ 8, ಸೋಮವಾರ

ಸೂಪ್ ಕುಡಿಯುವುದು ಬಿಟ್ಟಿದ್ದೇವೆ. ಗಾಡಿ ದಾಟುವಾಗ ಸುಬ್ಬಾತಾಳ್ ನೋಡುತ್ತಾಳೆ. ಇವತ್ತು ಸೌಟು ಎತ್ತಿ, ಬನ್ನಿ ಅನ್ನುವ ಹಾಗೆ ಸನ್ನೆ ಮಾಡಿದಳು. ಜೋರಾಗಿ ಓಡಿದೆ. ಎಮ್ಮೆಗಿಂತ ಮುಂದೆ ಹೋದೆ ಅಂತ ಗೋಕಿಲಾ ನಗಲಿಲ್ಲ.

ಸೇತುವೆ ದಾಟಿದ ಮೇಲೆ, ಹಿಂದೆ ಮುಂದೆ ಯಾರೂ ಇಲ್ಲದ ಕಡೆ, ಉಸಿರಿನ ನಡುವೆ ಉಸುರಿದಳು: "ಶುಕ್ರವಾರ ಅಣ್ಣಿ."

ಅವಳು ಸೈಕಲ್ ಮೇಲೆ ದೊಡ್ಡ ಬಸ್‌ಸ್ಟಾಪಿಗೆ. ಅವಳ ಫೋನ್ ನನ್ನ ಹತ್ತಿರ. ನಾನು ಎರಡೂ ಫೋನ್ ಹಿಡಿದು ತರಿ ರೌಂಡ್ ಓಡುತ್ತಿರಬೇಕು. ಎಲ್ಲಿಯವರೆಗೆ ಎರಡು ಚುಕ್ಕೆ ಓಡುತ್ತವೋ ಅಲ್ಲಿಯವರೆಗೆ ಅವಳಿಗೆ ಹೊತ್ತು.

ಆಗಲ್ಲ ಅಂದೆ. ನೂರು ಸಲ ಆಗಲ್ಲ ಅಂದೆ. ನನಗೂ ಮನೆ ಇದೆ, ಆಮೇಲೆ ನಾನು ಆ ಮನೆಗೇ ವಾಪಸ್ ಹೋಗಬೇಕು, ಅವರ ಎದುರು ನಿಲ್ಲಬೇಕು. ನೀನು ಹೋಗಿಬಿಡುತ್ತೀಯ, ನಾನು? ಅವಳು ಸೈಕಲ್ ನಿಲ್ಲಿಸಿದಳು. ಅಳಲಿಲ್ಲ.

"ನಂಗೆ ಹೊಟ್ಟೆನೋವು ಬಂದ್ರೆ ನೀನು ಏನ್ ಹೇಳ್ತೀಯಾ ಅಣ್ಣಿ?"

ಅಷ್ಟರಲ್ಲಿ ಫೋನ್ ಗುಂಯ್ ಅಂದಿತು. ಯಾಕೆ ನಿಂತಿದ್ದೀರಿ?

ಡಿಸೆಂಬರ್ 11, ಗುರುವಾರ

ಎಲ್ಲಿಗೆ ಹೋಗುತ್ತೀರಿ ಅಂತ ನನಗೆ ಹೇಳಬೇಡ ಅಂದೆ. ಕೇಳಿದರೆ ಹೇಳಿಬಿಡುತ್ತೇನೆ. ನನ್ನ ಯೋಗ್ಯತೆ ನನಗೆ ಗೊತ್ತು.

ಶರವಣನ್ ನನ್ನ ಕಾಲು ನೋಡಿ, ಬಾತಿದೆ, ನಾಳೆ ಓಡಬೇಡ ಅಂದರು. ಇವತ್ತೇ ಅನ್ನಬೇಕಾ ಇದನ್ನು? ಎಣ್ಣೆ ತಂದು ತಿಕ್ಕಿದರು. ಎಲ್ಲ ಹೇಳಿಬಿಡೋಣ ಅನ್ನಿಸಿತು. ಬಾಯಿವರೆಗೆ ಬಂದಿತ್ತು. ಇವರು ಅವಳ ಅಣ್ಣ, ಎತ್ತಿ ಆಡಿಸಿದವರು, ಬಿಟ್ಟುಕೊಡುತ್ತಾರಾ? ಹಾಗಂತ ತೆನ್ಮೊಳಿಗೂ ಅಣ್ಣ ಇದ್ದ.

ಬೆಳಿಗ್ಗೆ ಸರಿಹೋಗುತ್ತೆ ಬಿಡಿ ಅಂದೆ.

ಡಿಸೆಂಬರ್ 12, ಶುಕ್ರವಾರ, ಬೆಳಿಗ್ಗೆ

ತರಿ ಬೀದಿಯ ಹಿಂದಿನ ಓಣಿ. ನಡೆಯುತ್ತಾ ಒತ್ತುತ್ತಿದ್ದೇನೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ, ಹೇಳಲು ಇದು ಬಿಟ್ಟು ಯಾರೂ ಇಲ್ಲ.

ಮಂಜು ಇತ್ತು. ಗೋಕಿಲಾ ಚೂಡಿದಾರದ ಮೇಲೆ ಅವಳ ಹಳೇ ಸ್ವೆಟರ್. ಏನೂ ತೆಗೆದುಕೊಳ್ಳಲಿಲ್ಲ. ಹೊರಡುವಾಗ ಅತ್ತೆ ಒಳಗಿಂದಲೇ, "ಇನ್ನೆರಡು ರೌಂಡ್ ಜಾಸ್ತಿ ಓಡ್ರಿ," ಅಂದರು. ಅವಳು ಬಾಗಿಲಲ್ಲಿ ಒಂದು ಗಳಿಗೆ ನಿಂತು, "ಸರಿಮಾ," ಅಂದಳು.

ಬಸ್‌ಸ್ಟಾಪಿಗೆ ಹೋಗಲು ಸೂಪ್ ಗಾಡಿ ದಾಟಲೇಬೇಕು. ಸುಬ್ಬಾತಾಳ್ ರಸ್ತೆಗೇ ಬಂದು ಸೈಕಲ್ ಹ್ಯಾಂಡಲ್ ಹಿಡಿದುಬಿಟ್ಟಳು. ಮುಗಿಯಿತು ಅಂದುಕೊಂಡೆ. ಮುದುಕಿ ಬಾಯಿ ತೆರೆದಳು. ಕನ್ನಡ.

"ದೊಡ್ ಸ್ಟಾಪ್ಗೆ ಓಗ್ಬೇಡ ಕಣ್ಣು. ಲೋಗನಾಥನ್ ಕಾರು ಐದ್ ದಿನ್ದಿಂದ ದಿನಾ ಬೆಳ್ಕರ್ಯೋ ಮುಂಚೇನೇ ಅಲ್ಲಿ ನಿಂತದೆ. ನನ್ ಮಗ ಅದ್ರೊಳ್ಗೇ ಕುಂತವ್ನೆ. ಸೋಮ್ವಾರ್ದಿಂದ ಕರೀತಿವ್ನಿ, ನೀವು ನಿಲ್ತಾನೇ ಇಲ್ಲ."

ಮುದುಕಿ ಫಾರ್ಮುಗಳ ಕಡೆ ಕೈ ತೋರಿಸಿದಳು.

"ಕೋಳಿ ದಾರೀಲಿ ಓಗು. ಮಂಗಲಂ ರೋಡ್ಗೆ ಮಿನಿ ಬಸ್ ಬತ್ತದೆ. ಆಚೆ ಟೀ ಅಂಗ್ಡೀಲಿ ಕಣ್ಣಮ್ಮ ಅಂತ ನನ್ ತಂಗಿ ಅವ್ಳೆ, ಸೈಕಲ್ ಅವ್ಳತ್ರ ಬುಟ್ಟುಡು."

"ನಿನ್ನ ಯಾಕೆ ನಂಬಬೇಕು?" ಅಂದೆ. ನನ್ನ ದನಿಯೇ ಅದು? "ನಿನ್ನ ಮಗ ತಾನೇ ಹೇಳಿದ್ದು?"

ಅವಳು ನನ್ನ ಕಡೆ ನೋಡಲಿಲ್ಲ. ಗೋಕಿಲಾ ಕಡೆಯೇ ನೋಡುತ್ತಿದ್ದಳು.

"ತೆನ್ಮೊಳಿನೂ ಇಲ್ಲೇ ನಿಂತ್ಕಂಡು ಫೋನ್ನಲ್ಲಿ ಮಾತಾಡದು, ನಿಮ್ಮಂಗೇ, ಜೋರಾಗಿ. ಎಲ್ಲಾ ಕೇಳ್ತಿದ್ದೆ. ನಮ್ಗೇನು ಅಂತ ಸುಮ್ನಿದ್ದೆ." ಹ್ಯಾಂಡಲ್ ಬಿಟ್ಟಳು. "ಓಗು. ಬೆಳ್ಕಾಗ್ತದೆ."

ಕೋಳಿ ದಾರಿ ನಿರ್ಜನ. ಎರಡೂ ಕಡೆ ಶೆಡ್ಡು, ಕೂಗಿದರೆ ಕೋಳಿಗಳಿಗೆ ಮಾತ್ರ ಕೇಳಿಸುತ್ತದೆ. ಒಬ್ಬಳನ್ನು ಹಿಡಿಯಬೇಕು ಅಂದರೆ ನಾನೂ ಅಲ್ಲಿಗೇ ಕಳಿಸುತ್ತಿದ್ದೆ. ಇದನ್ನೇ ಹೇಳಲು ಹೋದೆ. ಗೋಕಿಲಾ ಆಗಲೇ ಫೋನ್ ನನ್ನ ಕೈಗೆ ತುರುಕಿ ಸೈಕಲ್ ತಿರುಗಿಸಿದ್ದಳು. ಒಂದು ಸಲ ನನ್ನ ಕೆನ್ನೆ ಮುಟ್ಟಿದಳು, ಬೆವರಿನ ಕೈ. ಮಂಜಿನಲ್ಲಿ ಹಿಂದಿನ ಕೆಂಪು ರಿಫ್ಲೆಕ್ಟರ್ ಸ್ವಲ್ಪ ದೂರ ಕಂಡಿತು.

ಅಲ್ಲಿಂದ ಓಡುತ್ತಿದ್ದೇನೆ.

ಅದೇ ದಿನ, ಎರಡನೇ ರೌಂಡ್ ಮುಗಿದ ಮೇಲೆ

ತರಿ ಬೀದಿಯ ಕೊನೆಯಿಂದ ದೊಡ್ಡ ಬಸ್‌ಸ್ಟಾಪ್ ಕಾಣುತ್ತದೆ. ಮಂಜು ತೆಳುವಾಗಿದೆ. ಹೋಗಬಾರದಿತ್ತು, ಹೋಗಿ ಗೋಡೆಯ ಮರೆಯಿಂದ ನೋಡಿದೆ.

ಬಿಳಿ ಕಾರು. ಮುಂದಿನ ಸೀಟಿನಲ್ಲಿ ಸೆಲ್ಲಪ್ಪನ್. ಹಿಂದೆ ಚಿಕ್ಕಮಾವ, ತಲೆ ಬಗ್ಗಿಸಿ ಫೋನ್ ನೋಡುತ್ತಿದ್ದಾರೆ. ನಮ್ಮನ್ನೇ ನೋಡುತ್ತಿದ್ದಾರೆ. ಗೋಡೆಯ ಈಚೆ ಎರಡು ಚುಕ್ಕೆ.

ಮುದುಕಿ ಹೇಳಿದ್ದು ನಿಜ. ಗೋಡೆಗೆ ಹಣೆ ಒತ್ತಿ ಅತ್ತುಬಿಟ್ಟೆ. ದನಿ ಬರದ ಹಾಗೆ. ಆಮೇಲೆ ಹೊಳೆಯಿತು, ನಿಂತಿದ್ದೇನೆ ಅಂತ.

ಅದೇ ದಿನ

ಎಷ್ಟನೇ ರೌಂಡೋ ಗೊತ್ತಿಲ್ಲ. ಕಾಲು ಸೀಳುತ್ತಿದೆ. ಬಿಸಿಲು ಬಂತು. ಮಗ್ಗಗಳೆಲ್ಲ ಶುರುವಾಗಿವೆ, ಒಳ್ಳೆಯದು, ಅಳು ಬಂದರೂ ಕೇಳಿಸುವುದಿಲ್ಲ. ಅತ್ತೆ ಗೋಕಿಲಾ ಫೋನಿಗೆ ಫೋನ್ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಅವರ ಹೆಸರಿನ ಜೊತೆ ಫೋಟೋ ಬರುತ್ತದೆ, ನನ್ನ ಮದುವೆಯದು, ಗೋಕಿಲಾ ಭುಜದ ಮೇಲೆ ಕೈ ಹಾಕಿ ನಗುತ್ತಿದ್ದಾರೆ.

ಕಣ್ಣಮ್ಮನ ಅಂಗಡಿ ದಾಟಿರಬಹುದು. ಬಸ್ ಸಿಕ್ಕಿರಬಹುದು. ಸಿಕ್ಕಿರದಿದ್ದರೆ? ಇನ್ನೂ ಅಲ್ಲೇ ರಸ್ತೆಯಲ್ಲಿ ನಿಂತಿದ್ದರೆ? ನನಗೆ ತಿಳಿಯುವ ದಾರಿಯೇ ಇಲ್ಲ. ಹೇಳಬೇಡ ಅಂದವಳು ನಾನೇ.

ತೆನ್ಮೊಳಿ ಮನೆ ಮುಂದೆ ಬಂದೆ. ಅವಳ ತಾಯಿ ಬಾಗಿಲಿಗೆ ನೀರು ಹಾಕುತ್ತಿದ್ದಳು. ನಾನು ಒಬ್ಬಳೇ ಓಡುವುದನ್ನು ನೋಡಿದಳು. ಎರಡು ಕೈಯಲ್ಲಿ ಎರಡು ಫೋನ್ ನೋಡಿದಳು. ಸೈಕಲ್ ಇಲ್ಲದಿರುವುದನ್ನೂ ನೋಡಿದಳು. ಚೊಂಬು ಕೆಳಗಿಟ್ಟಳು. ಬೇಗ ಬೇಗ ಗೇಟ್ ತೆಗೆದು, ಪೋರ್ಟಿಕೋದಿಂದ ಆ ಸೈಕಲ್ ತಳ್ಳಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದಳು.

ಸೀಟಿನ ಧೂಳನ್ನು ಸೆರಗಿನಲ್ಲಿ ಒರೆಸುತ್ತಿದ್ದಾಳೆ.

ಶರವಣನ್ ಮೆಸೇಜ್. ಯಾಕೆ ನಿಂತಿದ್ದೀರಿ?

ಇನ್ನೊಂದು ರೌಂಡ್